ಕ್ಯಾಶಿಯರ್‌ಗಾರು ಹತ್ತದ ಲಿಫ್ಟು

ಮೊನ್ನೆ ಸೋಮವಾರ ಬೀರು ಒಪ್ಪ ಮಾಡುತ್ತಿದ್ದಾಗ ಕೆಳಗಿನ ಅರೆಯಿಂದ ಒಂದು ಮಂಗಳಗಿರಿ ಸೀರೆ ಹೊರಬಂತು, ಜೊತೆಗೆ ನುಸಿಗುಳಿಗೆಯ ವಾಸನೆ. ಪ್ರೀತಿಯಿಂದ ಕೊಟ್ಟ ಸೀರೆ. ನೂಲು ಒಳ್ಳೆಯದು, ಅಂಚು ಒಳ್ಳೆಯದು, ಆದರೂ ನಾನು ಅದನ್ನು ಒಂದು ದಿನವೂ ಉಟ್ಟಿಲ್ಲ. ಕಾರಣ ಬಣ್ಣ. ನೇರಳೆಯ ಮೇಲೆ ಕಂದು ಬಳಿದ ಹಾಗೆ, ಸುಟ್ಟ ಬದನೆಕಾಯಿಯ ಬಣ್ಣ. ವಿಶಾಖಪಟ್ಟಣದಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಲಿಫ್ಟಿಗೂ ಇದೇ ಬಣ್ಣವಿತ್ತು. ಲಿಫ್ಟನ್ನು ಮೈಗೆ ಸುತ್ತಿಕೊಂಡು ಯಾರು ತಾನೇ ಮದುವೆ ಮುಂಜಿಗೆ ಹೋಗುತ್ತಾರೆ.

ಸೀರೆಗೆ ಸುತ್ತಿದ್ದ ಕಾಗದ ತೆಲುಗು ಕ್ಯಾಲೆಂಡರಿನ ಒಂದು ಹಾಳೆ, ಯಾವುದೋ ವರ್ಷದ ಆಗಸ್ಟ್ ತಿಂಗಳದ್ದು. ಮುದುರಿ ಎಸೆಯಲು ಹೋದವಳು ಸುಮ್ಮನೆ ನಿಂತೆ. ಪ್ರತಿ ತಾರೀಕಿನ ಮೂಲೆಯಲ್ಲೂ ಪೆನ್ಸಿಲಿನ ಸಣ್ಣ ಗುರುತು. ಎಲ್ಲೋ ಕೆಲವು ಕಡೆ ಕೂಡುವ ಗುರುತು, ಉಳಿದ ಕಡೆಯೆಲ್ಲ ಕಳೆಯುವ ಗುರುತು. ಈ ಗುರುತು ಹಾಕುತ್ತಿದ್ದವರು ನನಗೆ ಗೊತ್ತು... ಅವರು ಈಗಿಲ್ಲ. ಬೀರು ತೆರೆದೇ ಇತ್ತು, ನಾನು ಹಾಳೆ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ.

ನಾವು ಮಂಡ್ಯದ ಕಡೆಯವರು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ವರ್ಗಾವಣೆಯ ಕಾಗದದಲ್ಲಿ ಯಾವ ಊರು ಬರೆದಿದೆಯೋ ಆ ಊರಿಗೆ ಒಗ್ಗರಣೆ ಡಬ್ಬಿ ಸಮೇತ ಹೊರಡುವ ಸಂಸಾರ ನಮ್ಮದು. ಈಗ ವಿಜಯವಾಡದಲ್ಲಿದ್ದೇವೆ. ಅದಕ್ಕೂ ಮುಂಚೆ ವಿಶಾಖಪಟ್ಟಣಕ್ಕೆ ಹೋದಾಗ ಬಾಡಿಗೆ ಕಡಿಮೆಯೆಂದು ಊರಂಚಿನ ಪೆಂಡುರ್ತಿಯಲ್ಲಿ ಮನೆ ಹಿಡಿದೆವು. ನಾಲ್ಕು ಮಹಡಿಯ ಕಟ್ಟಡ, ನಮ್ಮ ಮನೆ ಮೊದಲನೇ ಮಹಡಿಯಲ್ಲಿ. ಬಿಲ್ಡರು ಲಿಫ್ಟಿಗೆಂದು ಜಾಗ ಬಿಟ್ಟಿದ್ದ, ಲಿಫ್ಟು ಹಾಕುವುದನ್ನು ಮಾತ್ರ ಮರೆತಿದ್ದ. ಆ ಗುಂಡಿಯಲ್ಲಿ ಮುರಿದ ಸೈಕಲ್ಲು, ವಿನಾಯಕ ಚವಿತಿಯ ಚಪ್ಪರದ ಗಳ, ಯಾರದೋ ತೊಟ್ಟಿಲು ಎಲ್ಲ ಬಿದ್ದಿದ್ದವು.

ನಾಲ್ಕನೇ ಮಹಡಿಯಲ್ಲಿ ಕನ್ನಡದವರಿದ್ದಾರೆ ಎಂದು ವಾಚ್‌ಮನ್ ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ಅವರನ್ನು ನೋಡಿದ ಮೇಲೆ ಆ ಸಂತೋಷ ಸ್ವಲ್ಪ ಇಳಿಯಿತು. ಧಾರವಾಡದವರು, ಬೇರೊಂದು ಬ್ಯಾಂಕಿನಲ್ಲಿ ಹೆಡ್ ಕ್ಯಾಶಿಯರ್ ಆಗಿ ನಿವೃತ್ತರಾದವರು. ಕಟ್ಟಡದ ಜನ ಅಲ್ಲಿನ ಮರ್ಯಾದೆಯ ‘ಗಾರು’ ಸೇರಿಸಿ ಕ್ಯಾಶಿಯರ್‌ಗಾರು ಎನ್ನುತ್ತಿದ್ದರು. ಮೊದಲ ಸಲ ಮೆಟ್ಟಿಲಲ್ಲಿ ಸಿಕ್ಕಾಗ ಅವರು ನನ್ನ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ.

"ಏನ್ ತಂಗಿ, ಇವತ್ತ ಲೋಕ ಸುಧಾರಿಸ್ತೋ, ಕೆಡ್ತೋ?" ಎಂದರು.

ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದಿದ್ದ ನಾನು ಗೊತ್ತಿಲ್ಲ ಸಾರ್ ಎಂದೆ.

"ಗೊತ್ತಿಲ್ಲ ಅಂದ್ರ ಹೆಂಗವಾ, ನೀನೂ ಇದರಾಗ ಇದ್ದೀಯಲ್ಲ" ಎಂದು ಮೇಲೆ ಹೋದರು.

ಈ ಪ್ರಶ್ನೆಯನ್ನು ಅವರು ಇಸ್ತ್ರಿಯವನಿಗೂ ಕೇಳುತ್ತಿದ್ದರು, ನಲ್ಲಿ ರಿಪೇರಿಯವನಿಗೂ ಕೇಳುತ್ತಿದ್ದರು. ದಿನದ ಕೊನೆಗೆ ಪೇಪರಿನ ಸುದ್ದಿ, ಬೀದಿಯ ಸುದ್ದಿ, ಮನೆಯ ಸುದ್ದಿ ಮೂರನ್ನೂ ತೂಗಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ತಾರೀಕಿಗೆ ಒಂದು ಗುರುತು ಹಾಕುವುದು ಅವರ ನೇಮ. ಲೋಕ ಸುಧಾರಿಸಿದ್ದರೆ ಕೂಡು, ಕೆಟ್ಟಿದ್ದರೆ ಕಳೆ. ಏನು ಹಾಕಿದೆನೆಂದು ಯಾರಿಗೂ ಹೇಳುತ್ತಿರಲಿಲ್ಲ, ಅದು ಗುಪ್ತ ಮತದಾನವಂತೆ. ದಿನವಿಡೀ ಲೋಕವನ್ನು ಬೈಯುತ್ತಿದ್ದ ಈ ಮನುಷ್ಯ ಪ್ರತಿ ಯುಗಾದಿಗೆ ಮನೆಮನೆಗೆ ಬಂದು, "ಒಟ್ಟಾರೆ ಸುಧಾರಿಸಾಕತ್ತೈತಿ" ಎಂದು ವರ್ಷದ ಫಲಿತಾಂಶ ಘೋಷಿಸಿ ಹೋಗುತ್ತಿದ್ದರು. ಈ ಲಾಭ ಎಲ್ಲಿಂದ ಬಂತು ಎಂದು ನಮ್ಮ ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದರು.

ಕ್ಯಾಶಿಯರ್‌ಗಾರು ಸಿದ್ಧಾಂತದ ಮನುಷ್ಯ. ಪ್ರಮೋಷನ್ ಬಂದಾಗ, ಅಧಿಕಾರಿಯಾದರೆ ನೌಕರರ ಯೂನಿಯನ್ ಬಿಡಬೇಕಾಗುತ್ತದೆ ಎಂದು ಬೇಡ ಎಂದಿದ್ದರು. ಎರಡು ವರ್ಷದ ಮೇಲೆ ಯೂನಿಯನ್ನು ಮ್ಯಾನೇಜ್‌ಮೆಂಟಿನ ಜೊತೆ ರಾಜಿಯಾಯಿತೆಂದು ಯೂನಿಯನ್ನನ್ನೂ ಬಿಟ್ಟರು. ಅತ್ತ ಪ್ರಮೋಷನ್ನೂ ಇಲ್ಲ, ಇತ್ತ ಯೂನಿಯನ್ನೂ ಇಲ್ಲ. ರಾಜಕೀಯ ಪಕ್ಷಗಳಲ್ಲಿ ಎರಡನ್ನು ಸೇರಿ ಎರಡರಿಂದಲೂ ಹೊರಬಂದಿದ್ದರು. ಮೂರನೆಯದು ಇವರು ಸೇರುವಷ್ಟರಲ್ಲಿ ತಾನೇ ಒಡೆದುಹೋಗಿತ್ತು. ಲಿಫ್ಟು ಹಾಕದ ಬಿಲ್ಡರಿನ ಮೇಲೆ ಕೇಸು ಹಾಕಿದ್ದರು. ಅವನು ಮೂರು ಸಲ ರಾಜಿಗೆ ಕರೆದ, ಮೂರು ಸಲವೂ ಇವರು ಚಹಾ ಕುಡಿಸಿ ಕಳಿಸಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ವಿಜಯವಾಡದ ತೆಲುಗು ಮನೆತನದವರು. ಕ್ಯಾಶಿಯರ್‌ಗಾರು ಸಣ್ಣ ವಯಸ್ಸಿನಲ್ಲಿ ಆ ಊರಿಗೆ ವರ್ಗವಾಗಿ ಬಂದು ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳು. ಕನ್ನಡ ಕಲಿತದ್ದು ಗಂಡನ ಬಾಯಿಂದಲೇ ಆದ್ದರಿಂದ ಅವರದು ಅಪ್ಪಟ ಧಾರವಾಡದ ಕನ್ನಡ, ನಡುನಡುವೆ ತೆಲುಗಿನ ಅಮ್ಮಾ, ಸರೇ, ಪರ್ವಾಲೇದು. ತುಂಬಿದ ಮೈ, ಸದಾ ನಗು, ಎರಡೂ ಮೊಣಕಾಲು ಸವೆದು ಹೋಗಿದ್ದವು. ಮೆಟ್ಟಿಲು ಹತ್ತಿಳಿಯಲೇ ಬಾರದು ಎಂದು ಡಾಕ್ಟರು ಹೇಳಿದ್ದರು. ನಾಲ್ಕನೇ ಮಹಡಿಯಲ್ಲಿ ಇರುವವರಿಗೆ ಇದನ್ನು ಹೇಳಿದರೆ ಏನು ಅರ್ಥ. ಬೀದಿಯ ಕೊನೆಯ ಅಮ್ಮನವರ ಗುಡಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಹೆಂಗಸರೆಲ್ಲ ಸೇರಿ ಲಲಿತಾ ಸಹಸ್ರನಾಮ ಹೇಳುತ್ತಿದ್ದರು. ಅಕ್ಕ ಮೇಲಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಮೈಕಿನಲ್ಲಿ ಕೇಳಿದಷ್ಟಕ್ಕೆ ತುಟಿ ಆಡಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಇಷ್ಟೇ, ವಾರಕ್ಕೊಂದು ಸಲ ಕೆಳಗಿಳಿದು ಆ ಹೆಂಗಸರ ನಡುವೆ ಕೂತು ಬರಬೇಕು.

ಆ ವರ್ಷ ವಾರ್ಡಿನ ಚುನಾವಣೆ ಬಂತು. ಒಬ್ಬ ಅಭ್ಯರ್ಥಿ ನಮ್ಮ ತಾರಸಿಗೆ ಬಂದು ಕೂತ. ಕಟ್ಟಡದವರೆಲ್ಲ ಒಗ್ಗಟ್ಟಾಗಿ ಮತ ಹಾಕುವುದಾದರೆ ತನ್ನ ಖರ್ಚಿನಲ್ಲಿ ಲಿಫ್ಟು ಹಾಕಿಸುತ್ತೇನೆ, ಅದೂ ಚುನಾವಣೆಗೆ ಮುಂಚೆಯೇ ಎಂದ. ನಾಲ್ಕು ಮಹಡಿ ಹತ್ತಿ ಬಂದು ಅವನಿಗೂ ಏದುಸಿರು ಬರುತ್ತಿತ್ತು, ಹಾಗಾಗಿ ಮಾತು ನಂಬುವಂತಿತ್ತು. ಎಲ್ಲರ ಮುಖದಲ್ಲೂ ಲಿಫ್ಟು ಆಗಲೇ ಓಡಾಡತೊಡಗಿತು. ಆಗ ಕ್ಯಾಶಿಯರ್‌ಗಾರು ಎದ್ದು ನಿಂತು ಮುಕ್ಕಾಲು ಗಂಟೆ ಮಾತಾಡಿದರು. ತೆಲುಗಿನಲ್ಲಿ ಶುರುಮಾಡಿ ಸಿಟ್ಟು ಬಂದ ಹಾಗೆ ಕನ್ನಡಕ್ಕೆ ಹೊರಳಿದ್ದರಿಂದ ಕೊನೆಯ ಭಾಗ ತಿಳಿದದ್ದು ನನಗೂ ನಮ್ಮ ಯಜಮಾನರಿಗೂ ಮಾತ್ರ. ಮತ ಎನ್ನುವುದು ತೂಕ ಹಾಕಿ ಮಾರುವ ಸೊಪ್ಪಲ್ಲ, ಕಾಲಿಗೆ ಸುಲಭವಾಗುತ್ತದೆಂದು ತಲೆ ಮಾರಿಕೊಳ್ಳಬಾರದು, ನಮಗೆ ಲಿಫ್ಟು ಕೊಡಬೇಕಾದವನು ಬಿಲ್ಡರು, ಕೊಡಿಸಬೇಕಾದದ್ದು ಕೋರ್ಟು... ಒಂದು ಮಾತೂ ಸುಳ್ಳಲ್ಲ. ನಾವೆಲ್ಲ ಶ್ರದ್ಧೆಯಿಂದ ಕೇಳಿ, ಚಪ್ಪಾಳೆ ತಟ್ಟಿ, ಲಿಫ್ಟಿಗೆ ಕೈ ಎತ್ತಿದೆವು. ಕೈ ಎತ್ತದೆ ಉಳಿದವರು ಒಬ್ಬರೇ.

ನಾನೂ ಎತ್ತಿದೆ. ಮೊದಲ ಮಹಡಿಯಲ್ಲಿರುವ ನನಗೆ ಲಿಫ್ಟು ಏಕೆ ಬೇಕಿತ್ತು ಎಂದು ಕೇಳಿದರೆ, ಅಕ್ಕನ ಮೊಣಕಾಲಿಗಾಗಿ ಎಂದು ಹೇಳಿಕೊಳ್ಳುತ್ತಿದ್ದೆ. ಅಕ್ಕಿ ಮೂಟೆಗೂ ಅನುಕೂಲವೇ.

ಲಿಫ್ಟು ಬಂತು. ಅಭ್ಯರ್ಥಿಯ ಪಕ್ಷದ ಬಣ್ಣ ನೇರಳೆ, ಹಾಗಾಗಿ ಲಿಫ್ಟಿಗೂ ನೇರಳೆ. ಒಳಗೆ ಗುಂಡಿಗಳ ಮೇಲೆ, ಗುಂಡಿಗಳಿಗಿಂತ ದೊಡ್ಡದಾಗಿ, ಅವನು ಕೈಮುಗಿದು ನಿಂತ ಫೋಟೋ. ಮೂರನೇ ಮಹಡಿಗೆ ಹೋಗಬೇಕಾದರೆ ಅವನ ಮೊಣಕೈ ಪಕ್ಕ ಒತ್ತಬೇಕಿತ್ತು. ಅವನು ಗೆದ್ದ. ಗೆದ್ದು ಮೂರೇ ತಿಂಗಳಿಗೆ ಪಕ್ಷ ಬದಲಾಯಿಸಿದ. ಹೊಸ ಪಕ್ಷದ್ದು ಕಂದು ಬಣ್ಣ. ಇಬ್ಬರು ಆಳುಗಳು ಬಂದು ನೇರಳೆಯ ಮೇಲೆ ಒಂದೇ ಕೈ ಕಂದು ಬಳಿದು ಹೋದರು. ಅದು ಸುಟ್ಟ ಬದನೆಕಾಯಿಯಾಯಿತು.

ಆ ದಿನ ಕ್ಯಾಶಿಯರ್‌ಗಾರಿಗೆ ಹಬ್ಬ. ಮೆಟ್ಟಿಲ ಬುಡದಲ್ಲಿ ನಿಂತು ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡ್ ತಂಗಿ, ಮ್ಯಾಲೆ ಕೆಳಗ ಅಷ್ಟ ಹೋಗಬೇಕಾದ ಲಿಫ್ಟು ಅಡ್ಡಡ್ಡನೂ ಹೋಗಾಕತ್ತೈತಿ." ತಾವು ಮಾತ್ರ ಆ ಲಂಚದ ಡಬ್ಬಿಯಲ್ಲಿ ಜೀವ ಇರುವ ತನಕ ಕಾಲಿಡುವುದಿಲ್ಲ ಎಂದು ಉದ್ಘಾಟನೆಯ ದಿನವೇ ಘೋಷಿಸಿಯಾಗಿತ್ತು. ಪೇಪರು ತರಲು ಇಳಿದರೆ ಮೆಟ್ಟಿಲು, ಹಾಲಿಗೆ ಇಳಿದರೆ ಮೆಟ್ಟಿಲು, ಸಂಜೆ ಗ್ರಂಥಾಲಯಕ್ಕೆ ಹೊರಟರೂ ಮೆಟ್ಟಿಲು.

ನಾವು ಯಾರೂ ಊಹಿಸದಿದ್ದದ್ದು ಏನೆಂದರೆ, ಅಕ್ಕನೂ ಹತ್ತಲಿಲ್ಲ. ಕ್ಯಾಶಿಯರ್‌ಗಾರು ಬೇಡ ಎಂದಿರಲಿಲ್ಲ. ಆಕೆ ಸ್ವತಂತ್ರ ಪ್ರಜೆ, ಆಕೆಯ ನಿರ್ಧಾರ ಆಕೆಯದು ಎಂದು ಎಲ್ಲರೆದುರು ಹೇಳಿದ್ದರು. ಆದರೆ ಅಕ್ಕ, "ಅವರು ಬೆವರು ಸುರಿಸ್ಕೊಂತ ಹತ್ತಿ ಬರ್ತಾರಮ್ಮಾ, ನಾ ಡಬ್ಬ್ಯಾಗ ಕುಂತು ಹೆಂಗ ಇಳೀಲಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿದ್ಧಾಂತ ಅವರದು, ಮೊಣಕಾಲು ಅಕ್ಕನದು. ಈ ಏರ್ಪಾಟು ಯಾವ ನ್ಯಾಯ ಎಂದು ಒಂದು ಸಲ ಕ್ಯಾಶಿಯರ್‌ಗಾರನ್ನೇ ಕೇಳಿಬಿಟ್ಟೆ. ಅವರು ಪೇಪರು ಮಡಿಸಿ, "ಪ್ರಶ್ನಿ ಭಾಳ ಚಲೋ ಐತಿ" ಎಂದರು. ಮತ್ತೆ ಪೇಪರು ಬಿಡಿಸಿದರು.

ಹೀಗಿರುವಾಗ ವಿಜಯವಾಡದಲ್ಲಿ ಅಕ್ಕನ ತಂಗಿಯ ಮಗಳ ಮದುವೆ ಬಂತು. ಅಕ್ಕ ಎತ್ತಿ ಆಡಿಸಿದ ಹುಡುಗಿ. ಬೆಳಗಿನ ರೈಲು. ಗಂಡ ಪಕ್ಕದಲ್ಲೇ ಇರುವಾಗ ಲಿಫ್ಟಿನ ಮಾತೇ ಇಲ್ಲ. ಕಟ್ಟಡದವರೆಲ್ಲ ಸೇರಿ ಒಂದೊಂದು ಮಹಡಿಯಲ್ಲೂ ಒಂದು ಕುರ್ಚಿ, ಒಂದು ಲೋಟ ಮಜ್ಜಿಗೆ ಇಟ್ಟೆವು. ಅಕ್ಕ ಕ್ಯಾಶಿಯರ್‌ಗಾರ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕಾಲು ನೋವಿಗೆ ಕಣ್ಣಲ್ಲಿ ನೀರು, ಆದರೂ ಮೂರನೇ ಮಹಡಿಯ ಮಜ್ಜಿಗೆಗೆ ಉಪ್ಪು ಸಾಲದು ಎಂದು ಹೇಳುವುದನ್ನು ಮರೆಯಲಿಲ್ಲ. ಪಕ್ಕದಲ್ಲಿ ಬದನೆಕಾಯಿ ಬಣ್ಣದ ಲಿಫ್ಟು ಖಾಲಿಯಾಗಿ ಮೇಲೆ ಕೆಳಗೆ ಓಡಾಡುತ್ತಿತ್ತು, ಅವರ ಸೂಟ್‌ಕೇಸು ಅದರಲ್ಲೇ ಇಳಿದಿತ್ತು. ಸೂಟ್‌ಕೇಸಿಗೆ ಸಿದ್ಧಾಂತ ಅನ್ವಯಿಸುತ್ತದೆಯೇ ಎಂಬುದು ಕ್ಯಾಶಿಯರ್‌ಗಾರಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ನೆಲ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಬಸ್ಸು ಹಿಡಿದು ಹೋದರು. ಅಲ್ಲಿಗೆ ತಲುಪಿದಾಗ ತಾಳಿ ಕಟ್ಟಿಯಾಗಿತ್ತು, ಊಟದ ಎಲೆಯೂ ಎತ್ತಿಯಾಗಿತ್ತು.

ವಾಪಸು ಬಂದು ಮೆಟ್ಟಿಲು ಹತ್ತಲು ಒಂದೂವರೆ ಗಂಟೆ ಹಿಡಿಯಿತು. ಅದಾದ ಮೇಲೆ ಒಂದು ವಾರ ಕ್ಯಾಶಿಯರ್‌ಗಾರು ಯಾರಿಗೂ ಲೋಕದ ವಿಚಾರ ಕೇಳಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಮುಂದಿನ ಶುಕ್ರವಾರ, ಕ್ಯಾಶಿಯರ್‌ಗಾರು ಐದು ಗಂಟೆಗೆ ಕೈಚೀಲ ಹಿಡಿದು ಹೊರಬಿದ್ದರು. ಸಂಜೆ ಐದರಿಂದ ಆರೂವರೆ ಅವರು ಗ್ರಂಥಾಲಯದಲ್ಲಿ ಕಳೆಯುತ್ತಾರೆ ಎಂದು ಇಡೀ ಬೀದಿಗೆ ಗೊತ್ತಿತ್ತು. ನಾನು ಮೇಲೆ ಹೋಗಿ ಅಕ್ಕನ ಕೈ ಹಿಡಿದೆ. ಅಕ್ಕ ಲಿಫ್ಟಿನ ಬಾಗಿಲಲ್ಲಿ ನಿಂತು, ಗುಡಿಗೆ ಹೋದ ಹಾಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಅವರಿಗೆ ಮೋಸ ಮಾಡಿದ ಹಂಗ ಅಲ್ಲೇನಮ್ಮಾ" ಎಂದರು. ಲಲಿತಾ ಸಹಸ್ರನಾಮಕ್ಕೆ ಹೋಗುವುದು ಮೋಸವಾ ಅಕ್ಕ, ಬನ್ನಿ ಎಂದು ಒಳಗೆ ಎಳೆದುಕೊಂಡೆ. ಇಳಿಯುವಷ್ಟೂ ಹೊತ್ತು ಕಾರ್ಪೊರೇಟರಿನ ಫೋಟೋ ಕಾಣದಂತೆ ಕಣ್ಣು ಮುಚ್ಚಿಕೊಂಡಿದ್ದರು. ಗುಡಿಯಲ್ಲಿ ಅವರನ್ನು ಕಂಡ ಹೆಂಗಸರು ಪಾರಾಯಣವನ್ನೇ ನಿಲ್ಲಿಸಿಬಿಟ್ಟರು... ಅಕ್ಕನ ಆವತ್ತಿನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಅದು ಪ್ರತಿ ಶುಕ್ರವಾರದ ಕಾರ್ಯಕ್ರಮವಾಯಿತು. ಇಡೀ ಕಟ್ಟಡ ಗುಟ್ಟು ಕಾಯಿತು. ಅಕ್ಕನನ್ನು ಗುಡಿಯಲ್ಲಿ ಕೂರಿಸಿ ನಾನು ವಾಪಸು ಬಂದು ಬಾಲ್ಕನಿಯಲ್ಲಿ ಕಾವಲು ಕೂರುತ್ತಿದ್ದೆ. ಒಂದು ದಿನ ಅಕ್ಕ ಹೊರಡಲು ತಡಮಾಡಿದರೂ ಅಪಾಯ, ಕ್ಯಾಶಿಯರ್‌ಗಾರು ಬೇಗ ಬಂದರೂ ಅಪಾಯ. ಅವರು ಬೀದಿಯ ತಿರುವಿನಲ್ಲಿ ಕಂಡರೆ ನಾನು ದೇವರ ಮನೆಯ ಗಂಟೆ ತಂದು ಬಾಲ್ಕನಿಯಲ್ಲಿ ಬಾರಿಸಬೇಕು. ಕೇಳಿಸಿಕೊಂಡ ಕೆಳಗಿನ ಮನೆ ಹೆಂಗಸು ಗುಡಿಗೆ ಫೋನು ಮಾಡಬೇಕು. ಅಕ್ಕ ಕಟ್ಟಡದ ಹಿಂದಿನ ಬಾಗಿಲಿಂದ ಬಂದು ಲಿಫ್ಟು ಹತ್ತಬೇಕು. ಶುಕ್ರವಾರ ಸಂಜೆ ನಾನು ಗಂಟೆ ಬಾರಿಸುವ ರಭಸಕ್ಕೆ ಕರ್ನಾಟಕದವರು ಬಹಳ ದೈವಭಕ್ತರು ಎಂಬ ಹೆಸರು ಬಂತು. ನಮ್ಮ ಯಜಮಾನರು ಮಾತ್ರ, ಇವಳಿಗೆ ಏನಾಯಿತು ಎಂಬಂತೆ ನೋಡುತ್ತಿದ್ದರು.

ನಮ್ಮ ಅದೃಷ್ಟವೂ ಚೆನ್ನಾಗಿತ್ತು. ಕ್ಯಾಶಿಯರ್‌ಗಾರು ಬೇರೆ ದಿನ ರಬ್ಬರ್ ಚಪ್ಪಲಿ ಮೆಟ್ಟುವವರು, ಶುಕ್ರವಾರ ಮಾತ್ರ ಬ್ಯಾಂಕಿನ ಕಾಲದ ಬೂಟು ಹಾಕುತ್ತಿದ್ದರು. ಹಿಮ್ಮಡಿಗೆ ಲಾಳ ಹೊಡೆಸಿದ ಬೂಟು. ಅದರ ಟಕಟಕ ಬೀದಿಯ ತಿರುವಿನಿಂದಲೇ ಕೇಳುತ್ತಿತ್ತು. ಇನ್ನೂ ಒಂದು ಅನುಕೂಲ, ಗೇಟಿನ ಒಳಗೆ ಬಂದವರು ನೋಟಿಸ್ ಬೋರ್ಡಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಿದ್ದರು. ಆ ಬೋರ್ಡಿನಲ್ಲಿ ನೀರಿನ ಟ್ಯಾಂಕು ತೊಳೆಯುವ ಬಗ್ಗೆ ಎಂದೋ ಅಂಟಿಸಿದ ಒಂದೇ ಕಾಗದವಿತ್ತು. ಅದನ್ನು ಅವರು ವಾರವಾರವೂ ಕೊನೆಯ ಸಹಿಯವರೆಗೆ ಓದುತ್ತಿದ್ದರು. ಓದುವ ಹುಚ್ಚಿದ್ದವರಿಗೆ ಏನಾದರೂ ನಡೆಯುತ್ತದೆ ಎಂದು ನಾವು ನಗುತ್ತಿದ್ದೆವು. ಅವರು ಮೇಲೆ ತಲುಪುವಷ್ಟರಲ್ಲಿ ಅಕ್ಕ ಗುಡಿಯಲ್ಲಿ ಹಚ್ಚಿಸಿಕೊಂಡ ಪ್ರಸಾದದ ಕುಂಕುಮ ಒರೆಸಿಕೊಂಡು ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು.

ಒಂದೇ ಒಂದು ಸಲ ಎಡವಟ್ಟಾಯಿತು. ವರಮಹಾಲಕ್ಷ್ಮಿ ವ್ರತದ ಶುಕ್ರವಾರ ಮಧ್ಯಾಹ್ನ ಲಿಫ್ಟು ಕೆಟ್ಟು ನಿಂತಿತು. ಅಕ್ಕ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನಾಲ್ಕನೇ ಮಹಡಿಯಲ್ಲೇ ಕೂತರು. ನಾನು ಸಂಜೆ ಅರಿಶಿನ ಕುಂಕುಮ, ತಾಂಬೂಲ ತೆಗೆದುಕೊಂಡು ಮೇಲೆ ಹೋದೆ. ಅಷ್ಟರಲ್ಲಿ ಬೂಟಿನ ಸದ್ದು, ನೋಟಿಸ್ ಬೋರ್ಡು, ಮೆಟ್ಟಿಲು... ಕ್ಯಾಶಿಯರ್‌ಗಾರು ಬಾಗಿಲಲ್ಲಿ ನಿಂತು ರೇಷ್ಮೆ ಸೀರೆಯ ಅಕ್ಕನನ್ನು ನೋಡಿದರು. ನಾನು ತಾಂಬೂಲದ ತಟ್ಟೆ ಎತ್ತಿಕೊಂಡು ಎದ್ದು ನಿಂತೆ.

"ಲಿಫ್ಟ್ ಕೆಟ್ಟೈತೇನು?" ಎಂದರು.

ಹೌದು ಸಾರ್ ಎಂದೆ.

"ಆ ಕಾರ್ಪೊರೇಟರಗ ಹೇಳಿ ಲಗೂನ ರಿಪೇರಿ ಮಾಡಸೂದಲ್ಲೇನು. ಸಾರ್ವಜನಿಕರಿಗೆ ತ್ರಾಸ ಆಕ್ಕೈತಿ."

ಇದು ಚೇಷ್ಟೆಯ ಮಾತು ಎಂದುಕೊಂಡೆ. ಮಾರನೇ ದಿನ ವಾಚ್‌ಮನ್ ಹೇಳಿದ, ಬೆಳಗ್ಗೆ ಎದ್ದವರೇ ಕ್ಯಾಶಿಯರ್‌ಗಾರು ಕಾರ್ಪೊರೇಟರಿನ ಆಫೀಸಿಗೆ ಹೋಗಿ ಗಲಾಟೆ ಮಾಡಿ ಬಂದಿದ್ದಾರೆ ಎಂದು. ಬೈಯಲು ಒಂದು ನೆಪ ಸಿಕ್ಕಿತಲ್ಲ ಎಂದು ನಾವು ಅದಕ್ಕೂ ನಕ್ಕೆವು.

ಮುಂದಿನ ಬೇಸಿಗೆಗೆ ನಮಗೆ ವರ್ಗವಾಯಿತು. ಹೊರಡುವ ದಿನ ಅಕ್ಕ ಈ ಮಂಗಳಗಿರಿ ಸೀರೆ ಕೊಟ್ಟರು. ಬಣ್ಣ ಹೇಳಿ, ತಂಗಿಯಿಂದ ಮಂಗಳಗಿರಿಯಲ್ಲೇ ಹುಡುಕಿಸಿ ತರಿಸಿದ್ದಂತೆ. "ನಮ್ಮ ಗುಟ್ಟಿನ ಬಣ್ಣ ಅಮ್ಮಾ" ಎಂದು ಕಿವಿಯಲ್ಲಿ ಹೇಳಿ ನಕ್ಕರು. ಗೇಟಿನ ಹತ್ತಿರ ಕ್ಯಾಶಿಯರ್‌ಗಾರು ನಿಂತಿದ್ದರು. ಹೋಗಿ ಬರುತ್ತೇನೆ ಸಾರ್ ಎಂದರೆ, "ಆ ಊರಾಗ ಲೋಕ ಹೆಂಗೈತಿ ಅಂತ ತಿಳಸ್ತಿರು ತಂಗಿ" ಎಂದರು. ನಾನು ಒಂದು ಸಲವೂ ತಿಳಿಸಲಿಲ್ಲ... ನಾಳೆ ಫೋನು ಮಾಡಿದರಾಯಿತು ಎಂದುಕೊಂಡೇ ವರ್ಷಗಳು ಹೋದವು.

ಕ್ಯಾಶಿಯರ್‌ಗಾರು ಹೋದ ಸುದ್ದಿ ಬಂದಾಗ ನಾವು ವಿಜಯವಾಡಕ್ಕೆ ಬಂದಿದ್ದೆವು. ರೈಲು ಹಿಡಿದು ಹೋದೆವು. ಅವರನ್ನು ಕೆಳಗೆ ತರಬೇಕು, ಲಿಫ್ಟು ನಾಲ್ಕು ಜನ ನಿಲ್ಲುವಷ್ಟು ದೊಡ್ಡದು, ಮಲಗಿದವರಿಗೆ ಅದರಲ್ಲಿ ಜಾಗವಿಲ್ಲ. ಮೆಟ್ಟಿಲಲ್ಲೇ ಹೊತ್ತು ತಂದರು. ಅಂತೂ ಹತ್ತದೆಯೇ ಹೋದರು. ಇದೇ ಹೊತ್ತಿಗೆ ಕಾರ್ಪೊರೇಟರು ಹೂವಿನ ಹಾರ ಹಿಡಿದು ಬಂದ. ಆಗ ಅವನು ಮೂರನೇ ಪಕ್ಷದಲ್ಲಿದ್ದ. ತಾನೇ ಕೊಟ್ಟ ಲಿಫ್ಟು ಹತ್ತಿದ, ಕರೆಂಟು ಹೋಯಿತು. ಎರಡು ಮತ್ತು ಮೂರನೇ ಮಹಡಿಯ ನಡುವೆ ಅವನು, ಅವನ ಹಾರ, ಅವನ ಫೋಟೋ ಮೂರೂ ಸಿಕ್ಕಿಕೊಂಡವು. ಪಕ್ಕದ ಮೆಟ್ಟಿಲಿನಿಂದ ಕ್ಯಾಶಿಯರ್‌ಗಾರು ಹಾದುಹೋಗುವಾಗ ಒಳಗಿನಿಂದ, "ಯಾರಾದರೂ ಇದ್ದೀರಾ" ಎಂದು ತೆಲುಗಿನಲ್ಲಿ ಕೂಗು ಕೇಳುತ್ತಿತ್ತು. ಹೊತ್ತಿದ್ದವರಿಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ನಾನೂ ನಕ್ಕೆ. ಅವರು ಇದ್ದಿದ್ದರೆ ಆ ದಿನಕ್ಕೆ ಏನು ಗುರುತು ಹಾಕುತ್ತಿದ್ದರೋ.

ಅಕ್ಕ ನಗಲಿಲ್ಲ. ಅವತ್ತು ಅವರು ಆ ನಾಲ್ಕು ಮಹಡಿಯನ್ನು ನಡೆದೇ ಇಳಿದರು, ಗೋಡೆ ಹಿಡಿದುಕೊಂಡು, ಯಾರ ಕೈಯನ್ನೂ ಹಿಡಿಯದೆ. ಆಮೇಲೆ ವಿಜಯವಾಡದ ತಂಗಿಯ ಮನೆಗೆ ಬಂದರು. ಅದೂ ಮೂರನೇ ಮಹಡಿ. ಅಲ್ಲಿನ ಲಿಫ್ಟು ಯಾರ ದಾನವೂ ಅಲ್ಲ, ಯಾವ ಪಕ್ಷದ ಬಣ್ಣವೂ ಅದಕ್ಕಿಲ್ಲ. ಆದರೂ ಅಕ್ಕ ಹತ್ತುವುದಿಲ್ಲ. ಎರಡು ವರ್ಷದಲ್ಲಿ ಆಸ್ಪತ್ರೆಗೆಂದು ಎರಡು ಸಲ ಇಳಿದಿದ್ದಾರೆ, ಮೆಟ್ಟಿಲ ಮೇಲೆ ಕೂತು ಕೂತು. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ, ಪ್ರತಿ ಸಲ ಕರೆಯುತ್ತೇನೆ, ಪ್ರತಿ ಸಲವೂ ಒಂದೇ ಉತ್ತರ. "ಒಂದ್ ಸುಳ್ಳ ಹೇಳದ ಮನಿಷ್ಯಾಗ ವಾರಾ ವಾರಾ ಮೋಸ ಮಾಡೀನಮ್ಮಾ. ಸಾಕು." ಆ ಲಿಫ್ಟಿನೊಳಗೆ ಅವರನ್ನು ಎಳೆದುಕೊಂಡವಳು ನಾನು.

ಮೊನ್ನೆ ಮಂಚದ ಮೇಲೆ ಕೂತು ನೋಡಿದ್ದು ಈ ಹಾಳೆಯನ್ನು. ಮೂವತ್ತೊಂದು ದಿನ. ಸೋಮವಾರದ ಸಾಲಿನಲ್ಲೆಲ್ಲ ಕಳೆ. ಮಂಗಳವಾರ ಕಳೆ. ಸ್ವಾತಂತ್ರ್ಯ ದಿನಕ್ಕೂ ಮುಲಾಜಿಲ್ಲದೆ ಕಳೆ. ಕೂಡುವ ಗುರುತು ಇದ್ದದ್ದು ಶುಕ್ರವಾರದ ಸಾಲಿನಲ್ಲಿ ಮಾತ್ರ. ನಾಲ್ಕು ಶುಕ್ರವಾರಗಳಲ್ಲಿ ಮೂರಕ್ಕೆ ಕೂಡು, ಒಂದಕ್ಕೆ ಕಳೆ. ಆ ಒಂದು ಚೌಕದಲ್ಲಿ ಕೆಂಪು ಅಕ್ಷರದಲ್ಲಿ ವರಲಕ್ಷ್ಮಿ ವ್ರತ ಎಂದು ಅಚ್ಚಾಗಿತ್ತು. ಲಿಫ್ಟು ಕೆಟ್ಟ ಶುಕ್ರವಾರ.

ಸಂಜೆ ಯಜಮಾನರು ಬಂದಾಗ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಅಲ್ವೇ, ಶುಕ್ರವಾರ ಗ್ರಂಥಾಲಯಕ್ಕೆ ವಾರದ ರಜಾ ಕಣೇ" ಎಂದರು.

"ಆಗಲೇ ಯಾಕ್ರೀ ಹೇಳಲಿಲ್ಲ?"

"ನೀನೆಲ್ಲಿ ಕೇಳಿದೆ? ಗಂಟೆ ಬಾರಿಸ್ತಿದ್ದೆಯಲ್ಲ."

ಬಾಗಿಲು ಹಾಕಿದ ಗ್ರಂಥಾಲಯಕ್ಕೆ ಆ ಮನುಷ್ಯ ಪ್ರತಿ ಶುಕ್ರವಾರ ಕೈಚೀಲ ಹಿಡಿದು ಹೋಗುತ್ತಿದ್ದರು. ಒಂದೂವರೆ ಗಂಟೆ ಎಲ್ಲಿ ಕೂರುತ್ತಿದ್ದರೋ, ಬಸ್ ಸ್ಟಾಪಿನಲ್ಲೋ, ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೋ... ನಾವು ಕಾವಲು ಕಾಯುತ್ತಿದ್ದೆವು ಎಂದುಕೊಂಡಿದ್ದೆವು. ಅವರು ಲಾಳದ ಬೂಟು ಹಾಕಿಕೊಂಡು, ಬಂದೆ ಬಂದೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡು ಬಂದು, ನೀರಿನ ಟ್ಯಾಂಕಿನ ನೋಟಿಸು ಓದುತ್ತಾ ನಮಗಾಗಿ ಕಾಯುತ್ತಿದ್ದರು.

ಮಂಗಳವಾರ ಬೆಳಗ್ಗೆ ಹಾಳೆ ಮಡಿಸಿಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ಸೋರೆಕಾಯಿ ಹೆಚ್ಚುತ್ತಿದ್ದರು. ಹಾಳೆಯನ್ನು ಅವರ ತೊಡೆಯ ಮೇಲಿಟ್ಟು, ಶುಕ್ರವಾರದ ಸಾಲಿನ ಮೇಲೆ ಬೆರಳಿಟ್ಟು, ವ್ರತದ ದಿನ ತೋರಿಸಿ, ಗ್ರಂಥಾಲಯದ ರಜೆ ಹೇಳಿದೆ. ಅಕ್ಕ ಆ ಚೌಕಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಗೋಡೆಯ ಮೇಲೆ ಅಷ್ಟು ವರ್ಷ ತೂಗಿದ ಕ್ಯಾಲೆಂಡರಿನಲ್ಲಿ ಅವರು ನೋಡುತ್ತಿದ್ದದ್ದು ತಿಥಿ, ರಾಹುಕಾಲ. ಗಂಡನ ಗೀಟುಗಳನ್ನು ಯಾವ ಹೆಂಡತಿ ನೋಡುತ್ತಾಳೆ.

"ಆ ಬೂಟು ಅವರ ಕಾಲು ಕಚ್ಚತಿದ್ವಮ್ಮಾ" ಎಂದರು ಕೊನೆಗೆ. "ಶನಿವಾರ ಮುಂಜಾನೆ ನಾನ ಕೊಬ್ರಿ ಎಣ್ಣಿ ಹಚ್ಚತಿದ್ದೆ. ಯಾಕ ಹಾಕ್ಕೋತೀರಿ ಅಂದ್ರ, ಗಟ್ಟಿಮುಟ್ಟ ಅದಾವು, ಒಗಿಯಾಕ ಮನಸು ಬರೂದಿಲ್ಲ ಅಂತಿದ್ರು."

ಆಮೇಲೆ ಅತ್ತರು. ಅಳುತ್ತಲೇ ನಗು ಬಂತು. "ಒಂದ್ ಮಾತು ಹೇಳಿದ್ರ ನಾ ಚಪ್ಪಲಿ ಕೈಯಾಗ ಹಿಡಕೊಂಡು ಓಡೂದಾದ್ರೂ ತಪ್ಪತಿತ್ತು" ಎಂದರು. ಹೇಳಿದ್ದರೆ ಅದು ರಾಜಿಯಾಗುತ್ತಿತ್ತು ಅಕ್ಕ, ಅದಕ್ಕೇ ಹೇಳಲಿಲ್ಲ ಎಂದೆ. ಹಾಗೆ ಹೇಳಿದೆನೇ ಹೊರತು ನನಗೂ ಸರಿಯಾಗಿ ತಿಳಿಯದು. ಇಪ್ಪತ್ತೆಂಟು ಕಳೆ, ಮೂರು ಕೂಡು. ಹೇಗೆ ಲೆಕ್ಕ ಹಾಕಿದರೂ ಲೋಕ ಮುಳುಗಿಯೇ ಹೋಗಿದೆ. ಆದರೂ ಯುಗಾದಿಗೆ ಮನೆಮನೆಗೆ ಬಂದು ಸುಧಾರಿಸುತ್ತಿದೆ ಎಂದು ಹೇಳುತ್ತಿದ್ದರಲ್ಲ. ಜೀವನವಿಡೀ ಹೆಡ್ ಕ್ಯಾಶಿಯರ್ ಆಗಿದ್ದವರಿಗೆ ಕೂಡುವುದು ಕಳೆಯುವುದು ಬರುತ್ತಿರಲಿಲ್ಲವೇ...

ಅಕ್ಕ ಕಣ್ಣೊರೆಸಿಕೊಂಡು ಸೋರೆಕಾಯಿ ತಟ್ಟೆ ಪಕ್ಕಕ್ಕೆ ಸರಿಸಿದರು. "ಇವತ್ತ ಶುಕ್ರವಾರೇನು?"

"ಇಲ್ಲ ಅಕ್ಕ, ಮಂಗಳವಾರ."

"ಪರ್ವಾಲೇದು" ಎಂದರು, ಇರಲಿ ಬಿಡು ಎನ್ನುವ ಹಾಗೆ. "ಚಪ್ಪಲಿ ಎಲ್ಲಿ ಅದಾವು ನೋಡು."

ಎರಡು ವರ್ಷದಿಂದ ಮುಟ್ಟದ ಚಪ್ಪಲಿಯನ್ನು ಮಂಚದ ಅಡಿಯಿಂದ ಹುಡುಕಿ ತಂದೆ, ಧೂಳು ಒರೆಸಿ ಕೊಟ್ಟೆ. ಲಿಫ್ಟಿನ ಬಾಗಿಲು ತೆರೆದಾಗ ಅಕ್ಕ ಅಭ್ಯಾಸದಂತೆ ಚಪ್ಪಲಿ ಬಿಚ್ಚಲು ಬಗ್ಗಿದರು. ಅರ್ಧಕ್ಕೆ ನಿಂತು, ನೆಟ್ಟಗಾಗಿ, ಚಪ್ಪಲಿ ಕಾಲಲ್ಲೇ ಒಳಗೆ ಬಂದರು. ಗುಂಡಿ ತಾವೇ ಒತ್ತಿದರು. ಕಣ್ಣು ಮುಚ್ಚಲಿಲ್ಲ.

ಕೆಳಗೆ ಇಳಿದ ಮೇಲೆ ಇಬ್ಬರೂ ಗೇಟಿನ ಕಡೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ, ಯಾವ ಬೂಟಿನ ಸದ್ದೂ ಇರಲಿಲ್ಲ. ಗುಡಿಗೆ ಹೋಗೋಣವಾ ಅಕ್ಕ, ಆಟೋ ಕರೆಯಲಾ ಎಂದೆ. ಅವರು ನೋಟಿಸ್ ಬೋರ್ಡಿನ ಹತ್ತಿರ ಹೋದರು. ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು ಎಂದು ಯಾರೋ ಅಂಟಿಸಿದ್ದ ಒಂದೇ ಒಂದು ಕಾಗದ. ಅದರ ಮುಂದೆ ಅಕ್ಕ ಕೈಕಟ್ಟಿ ನಿಂತು, ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ, ನಿಧಾನವಾಗಿ ಓದತೊಡಗಿದರು. ನಾನು ಪಕ್ಕದಲ್ಲಿ ಕಾಯುತ್ತಾ ನಿಂತೆ.